ಮೇಜಿನ ಅಂಚಿನ ಗೇಣು

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟಕ್ಕಿಂತ ಬಟ್ಟೆ ಹರಡಿದ್ದೇ ಹೆಚ್ಚು. ನನ್ನ ಹೆಂಡತಿ ಮಕ್ಕಳ ಬಟ್ಟೆ ಹೊಲಿಯುವ ಟೈಲರ್. ಬೆಳಗಿನ ತಿಂಡಿ ಮುಗಿಯಿತೋ ಇಲ್ಲವೋ, ತಟ್ಟೆ ಎತ್ತಿಸಿ ಬಟ್ಟೆ ಹಾಸಿಬಿಡುತ್ತಾಳೆ. ಬಸ್ಸು ಓಡಿಸಿ ನಿವೃತ್ತನಾದ ನಾನು ತುತ್ತಿನ ಜೊತೆ ಅದೆಷ್ಟು ನೂಲು ನುಂಗಿದ್ದೇನೋ!

ಅವಳು ಟೇಪು ಹಿಡಿಯುವುದಿಲ್ಲ. ಅದರ ಅಂಕಿಗಳು ಈಗ ಕಣ್ಣಿಗೆ ಹತ್ತುವುದಿಲ್ಲ. ಹೊಸದಾಗಿ ಮದುವೆಯಾದಾಗ ಮೇಜಿನ ಅಂಚಿಗೆ ತನ್ನ ಗೇಣು ಇಟ್ಟು, ಗೇಣಿಗೊಂದರಂತೆ ಚಾಕುವಿನಿಂದ ಗೀರು ಹಾಕಿಕೊಂಡಿದ್ದಳು. ಬೆರಳಾಡಿಸಿದರೆ ಸಾಕು, ಅಳತೆ ಸಿಗುತ್ತಿತ್ತು. ಆ ಗೀರುಗಳಿರುವ ತನಕ ತನ್ನ ಕತ್ತರಿಗೆ ಕೆಲಸ ಉಂಟು ಎಂದು ನನ್ನ ಹತ್ತಿರ ಮಾತ್ರ ಹೇಳುತ್ತಿದ್ದಳು. ಕಣ್ಣು ಮಂಜಾದ ಸಂಗತಿ ಗಿರಾಕಿಗಳ ಕಿವಿಗೆ ಬಿದ್ದೀತೆಂಬ ಭಯ.

ಈಚೆಗೆ ಬಂದ ಸೊಸೆಗೆ ಊಟದ ಜಾಗವನ್ನು ಚೆಂದ ಮಾಡುವ ಹುಮ್ಮಸ್ಸು.

"ಚೆಂದಾನೂ ಇರ್ಬೇಕು ಮಾವ, ಟೀ ಚೆಲ್ಲಿದ್ರೆ ಯಾರ ಮುಖಾನೂ ಬಾಡ್ಬಾರ್ದು," ಎಂದಳು.

ಗೋಡೆಗೆ ಕಲೆ ಒರೆಸಿ ತೆಗೆಯಬಹುದಾದ ತಿಳಿ ಹಸಿರು ಬಣ್ಣ ಬಂತು. ಗೋಡೆಗುಂಟ ಒಂದು ಬೆಂಚು ಬಂತು. ಹಲಗೆ ಎತ್ತಿದರೆ ಒಳಗೆ ಅತ್ತೆಯ ಬಟ್ಟೆ ತುಂಡುಗಳಿಗೆ ಜಾಗ. ಮೇಜಿನ ಮೇಲಕ್ಕೆ ದೀಪ ಇಳಿಬಿಟ್ಟಳು. ಅದು ನನ್ನ ಬೋಳುತಲೆಗೆ ತಾಗಬಾರದೆಂದು ನನ್ನನ್ನು ಕೂರಿಸಿ ಏಳಿಸಿ ಸುಸ್ತು ಮಾಡಿದಳು.

"ಏನಾದ್ರೂ ಮಾಡ್ಕೊಳ್ಲಿ, ಮೇಜು ಮುಟ್ಟದಿದ್ರೆ ಸಾಕು," ಎಂದಳು ನನ್ನ ಹೆಂಡತಿ. ಹೇಳಿದ್ದು ಯಾರಿಗೆ? ನನಗೆ!

ಒಂದು ಮಧ್ಯಾಹ್ನ ಅವಳು ಹೊಲಿದ ಬಟ್ಟೆ ಕೊಡಲು ಹೋಗಿದ್ದಳು. ನಾನು ಗೊರಕೆ ಹೊಡೆಯುತ್ತಿದ್ದೆ. ಸೊಸೆ ಮೇಜಿನ ಗೀರುಗಳಿಗೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ನೀರು ಇಳಿಯದ ಪಾಲಿಶ್ ಬಳಿದಿದ್ದಳು.

ಹೆಂಡತಿ ಬಂದವಳೇ ಅಂಚಿನ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು. ಆಮೇಲೆ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಚೆನ್ನಾಗಿದ್ಯಾ ಅತ್ತೆ?"

"ಕನ್ನಡಿ ಆಗಿದೆ ಬಿಡು."

ದನಿ ಬಾವಿಯೊಳಗಿಂದ ಬಂದಂತಿತ್ತು. ಮಾರನೆಯ ದಿನದಿಂದ ಕತ್ತರಿ ಮೊಳೆಗೆ ನೇತುಬಿದ್ದಿತು. ಬಂದ ಗಿರಾಕಿಗಳಿಗೆ ಸೊಂಟನೋವಿನ ನೆಪ ಹೇಳಿದಳು. ಕೊನೆಗೆ ತಡೆಯಲಾರದೆ ಸೊಸೆಗೆ ಎಲ್ಲ ಹೇಳಿಬಿಟ್ಟೆ.

"ಅಯ್ಯೋ! ಹಳೇ ಮೇಜು, ಗೀರು ಬಿದ್ದಿದೆ ಅನ್ಕೊಂಡೆ ಮಾವ," ಎಂದವಳು ಚಾಕು ಹಿಡಿದು ಸೀದಾ ಅತ್ತೆಯ ಹತ್ತಿರ ಹೋದಳು. "ಬನ್ನಿ ಅತ್ತೆ, ಗೇಣು ಇಡಿ. ಮತ್ತೆ ಗೀರು ಹಾಕೋಣ."

ಹೆಂಡತಿ ನನ್ನತ್ತ ಕೆಂಗಣ್ಣು ಬಿಟ್ಟಳು. "ನಿಮ್ಮ ಹೊಟ್ಟೇಲಿ ಒಂದು ಮಾತಾದ್ರೂ ನಿಲ್ಲುತ್ತಾ?"

ಆದರೂ ಕೈ ಇಟ್ಟಳು. ಗಂಟು ಊದಿದ ಬೆರಳುಗಳು ಅಗಲವಾಗಲೇ ಇಲ್ಲ. ಇನ್ನೊಂದು ಕೈಯಿಂದ ಒತ್ತಿ ನೋಡಿದಳು.

"ಇದು ಆಗಿನ ಗೇಣಲ್ಲ ಕಣೇ," ಎಂದು ಕೈ ಎಳೆದುಕೊಂಡಳು. ಕಣ್ಣು ತುಂಬಿತ್ತು.

ಸೊಸೆ ಸುಮ್ಮನಿರಲಿಲ್ಲ. ಅತ್ತೆ ಮುಂಚೆ ಹಳೆಯ ಗೀರಿನ ಅಳತೆಗೆ ಹೊಲಿದಿಟ್ಟಿದ್ದ, ಸರಿಯಾಗಿ ಎರಡು ಗೇಣುದ್ದದ ಒಂದು ಫ್ರಾಕು ತಂದು ಮೇಜಿನ ಮೇಲೆ ಹಾಸಿ, ತನ್ನ ಗೇಣು ಹಾಕಿ ನೋಡಿದಳು. ಎರಡನೆಯ ಗೇಣು ಫ್ರಾಕಿನ ಅಂಚು ದಾಟಿ ತುಸು ಮುಂದೆ ಬಂತು. ಅವಳ ಮುಖ ಸಣ್ಣಗಾಯಿತು.

"ನಂದು ಜಾಸ್ತಿ ಬರುತ್ತೆ. ಫ್ರಾಕನ್ನೇ ಎರಡಾಗಿ ಮಡಚಿ ನಿಮ್ಮ ಅಳತೇನೇ ತೆಗೀಲಾ?"

ಹೆಂಡತಿ ಬಗ್ಗಿ, ಸೊಸೆಯ ಕಿರುಬೆರಳು ನಿಂತ ಜಾಗವನ್ನು ಮುಟ್ಟಿ ನೋಡಿದಳು.

"ಬೇಡ. ಬೆಳೆಯೋ ಮಕ್ಕಳು, ಒಂಚೂರು ಉದ್ದ ಇದ್ರೆ ಒಳ್ಳೇದೇ. ನಿನ್ನ ಗೇಣೇ ಹಾಕು," ಎಂದಳು. "ಆಳವಾಗಿ ಕೊರಿ ಮತ್ತೆ. ನನ್ನ ಬೆರಳಿಗೆ ಸಿಗ್ಬೇಕು."

ಸೊಸೆ ಹೊಸ ಪಾಲಿಶಿನ ಮೇಲೆ ಚಾಕು ಊರಿದಳು.