ಹಿಂಬದಿಯ ಸ್ವರ

ಹಳೇ ಹಸ್ತಪ್ರತಿಗಳ ಹಾಡುಗಳನ್ನು ಲ್ಯೂಟ್ ಎಂಬ ಯುರೋಪಿನ ತಂತಿವಾದ್ಯಕ್ಕೆ ಹೊಂದಿಸುವ ಕೆಲಸದಲ್ಲಿ ಮೂವತ್ತೊಂದು ವರ್ಷ ಸವೆಸಿದವನಿಗೆ ಕೊನೆಗೆ ಉಳಿದದ್ದು ಬೆನ್ನುನೋವು, ಮಂಜುಗಣ್ಣು ಮತ್ತು ಒಂದು ಜಂಬ. ತಾನು ಹೊಂದಿಸಿದ ಇನ್ನೂರ ಹನ್ನೆರಡು ಕೃತಿಗಳಲ್ಲಿ ತನ್ನದು ಅಂತ ಒಂದೇ ಒಂದು ಸ್ವರ ಇಲ್ಲ ಎನ್ನುವುದು ಆ ಜಂಬ. ನಾಲ್ಕು ಜನ ಹಾಡಲಿ ಅಂತ ಬರೆದದ್ದನ್ನು ಒಬ್ಬರ ಹತ್ತು ಬೆರಳಿಗೆ ಇಳಿಸುವಾಗ ಏನನ್ನಾದರೂ ಬಿಡಲೇಬೇಕು, ಬಿಡುತ್ತಿದ್ದ. ಸೇರಿಸುತ್ತಿರಲಿಲ್ಲ. ಸೇರಿಸುವವರನ್ನು ಕಂಡರೆ, ಸತ್ತವರ ಪತ್ರದಲ್ಲಿ ತಮ್ಮದೂ ಎರಡು ಸಾಲು ಗೀಚುವವರನ್ನು ಕಂಡಂತೆ ಅವನ ಮೈ ಉರಿಯುತ್ತಿತ್ತು.

ಹೊಂದಿಸುವುದು ಇವನಾದರೆ ನುಡಿಸುವುದು ಅವನ ಅಕ್ಕ. ಅಕ್ಕ ಅವನನ್ನು ಗೆದ್ದಲು ಅಂತ ಕರೆಯುತ್ತಿದ್ದಳು. ಹಳೇ ಕಾಗದ ಎಲ್ಲಿದೆಯೋ ಅಲ್ಲಿ ಇವನು. ಹೋಲಿಕೆಯನ್ನು ತಪ್ಪು ಅನ್ನುವಂತಿರಲಿಲ್ಲ. ಅವಳಿಗೆ ಅರವತ್ತಾರು. ಎಡಗೈಯ ಗೆಣ್ಣುಗಳು ಊದಿಕೊಂಡು, ಭಾನುವಾರದ ಕಚೇರಿಯೇ ಕೊನೆಯದು ಅಂತ ತೀರ್ಮಾನವಾಗಿತ್ತು. ಕೊನೆಯ ಕಚೇರಿಯ ಕೊನೆಯ ಕೃತಿ ಯಾವುದು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಇವನು ಹೊಂದಿಸಿಕೊಟ್ಟ ಹಾಡು ಅದು. ಬರೆದವನು ಯಾರೋ ತಿಳಿಯದು. ಸೀದಾ ಸಾದಾ ಹಾಡು, ಆದರೆ ನಡುವೆ ಒಂದು ಕಡೆ ಮೇಲಿನ ತಂತಿಯಲ್ಲಿ ಯಾರೂ ನಿರೀಕ್ಷಿಸದ ಒಂದು ಸ್ವರ ಬರುತ್ತದೆ. ಬರಬಾರದ ಜಾಗ, ಬರಬಾರದ ಸ್ವರ. ಅಲ್ಲಿಗೆ ಬಂದಾಗ ಅಕ್ಕ ಅದನ್ನು ಮೀಟಿ, ನಾದ ಪೂರ್ತಿ ಆರುವವರೆಗೆ ಸುಮ್ಮನೆ ಕೂರುತ್ತಿದ್ದಳು. ಸಭಾಂಗಣದಲ್ಲಿ ಕೆಮ್ಮು ನಿಲ್ಲುತ್ತಿತ್ತು. ಕಲಿಯುವವರು ಅದಕ್ಕೆ ‘ಬಿಕ್ಕು’ ಅಂತ ಹೆಸರಿಟ್ಟಿದ್ದರು. ಒಬ್ಬ ವಿಮರ್ಶಕನಂತೂ, ಇದನ್ನು ಬರೆದವನು ಎಳೆಗೂಸನ್ನು ಕಳೆದುಕೊಂಡವನೇ ಇರಬೇಕು ಎಂದು ನಾಲ್ಕು ಪುಟ ಬರೆದು, ಐದನೆಯ ಪುಟದಲ್ಲಿ ಮಗುವಿನ ವಯಸ್ಸನ್ನೂ ಅಂದಾಜು ಮಾಡಿದ್ದ.

ಅವನು ಹೊಂದಿಸಿದ ಹಾಡುಗಳ ಪುಸ್ತಕದ ಹೊಸ ಆವೃತ್ತಿ ಬರುವುದಿತ್ತು. ಶುಕ್ರವಾರ ಸಂಜೆಯೊಳಗೆ ತಿದ್ದಿದ ಪುಟಗಳು ಬೇಕು ಅಂತ ಪ್ರಕಾಶಕ ದಿನಕ್ಕೆರಡು ಸಲ ಜೀವ ತಿನ್ನುತ್ತಿದ್ದ. ಮುನ್ನುಡಿಗೆ, ಆ ಹಾಡಿರುವ ಹಸ್ತಪ್ರತಿಯ ಹಾಳೆಯ ಸಂಖ್ಯೆ ಖಾತ್ರಿಯಾಗಬೇಕಿತ್ತು. ಅಷ್ಟಕ್ಕೇ ಗುರುವಾರ ಅವನು ಗ್ರಂಥಾಲಯಕ್ಕೆ ಹೋಗಿ ಮೂಲ ಹಸ್ತಪ್ರತಿಯನ್ನು ಕೇಳಿದ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಕೆಲಸ ಮಾಡಿದ್ದು ಕಪ್ಪುಬಿಳುಪು ಫೋಟೋ ನೋಡಿ. ಮೂಲವನ್ನು ಮುಟ್ಟಲು ಆಗ ದೊಡ್ಡವರ ಶಿಫಾರಸು ಬೇಕಿತ್ತು. ಇವನಿಗೆ ದೊಡ್ಡವರು ಯಾರೂ ಗೊತ್ತಿರಲಿಲ್ಲ.

ಗ್ರಂಥಪಾಲಕಿ ಮೆತ್ತನೆಯ ದಿಂಬಿನ ಮೇಲೆ ಹೊತ್ತಿಗೆಯನ್ನು ಮಲಗಿಸಿ, ಅವನ ಪೆನ್ನನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟಳು. ಅವನು ಹಾಳೆ ಹುಡುಕಿ, ಸಂಖ್ಯೆ ಬರೆದುಕೊಂಡು, ಎದ್ದು ಹೋಗಬಹುದಿತ್ತು. ಹಳೇ ಪರಿಚಯದವರ ಮನೆ ಮುಂದೆ ಹಾದುಹೋಗುವಾಗ ಒಳಗೆ ಇಣುಕಿದಂತೆ, ಬಿಕ್ಕಿನ ಜಾಗವನ್ನೊಮ್ಮೆ ನೋಡಿದ.

ಮಿಕ್ಕ ಸ್ವರಗಳೆಲ್ಲ ಗಾಢ ಕಂದು ಮಸಿಯಲ್ಲಿದ್ದವು. ಅದೊಂದು ಮಾತ್ರ ಪೇಲವವಾಗಿತ್ತು, ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯ ಹಾಗೆ.

“ಇದೇನಮ್ಮ ಹೀಗಿದೆ?” ಎಂದ.

ಅವಳು ಹಾಳೆಯ ಕೆಳಗೆ ತೆಳ್ಳನೆಯ ದೀಪದ ಹಲಗೆ ತೂರಿಸಿ, ಕಣ್ಣು ಕಿರಿದು ಮಾಡಿ ನೋಡಿ, ಹಾಳೆ ಮಗುಚಿ ಮತ್ತೆ ನೋಡಿದಳು. “ಈ ಪುಟದ್ದಲ್ಲ ಸರ್. ಹಿಂಬದಿ ಪುಟದ ಮಸಿ ಒಳಗಿಳಿದು ಈ ಕಡೆ ಬಂದಿದೆ. ನೋಡಿ, ಸರಿಯಾಗಿ ಇದರ ಬೆನ್ನಿಗೇ ಇದೆ. ಹಳೇ ಫೋಟೋದಲ್ಲಿ ಎಲ್ಲ ಒಂದೇ ಕಪ್ಪು, ಹಾಗಾಗಿ ಗೊತ್ತಾಗಲ್ಲ.” ಆಮೇಲೆ ಸೌಜನ್ಯಕ್ಕೆ, “ಯಾರಾದರೂ ಇದನ್ನ ಸ್ವರ ಅಂದ್ಕೊಂಡಿದ್ರಾ?” ಎಂದು ಕೇಳಿದಳು.

“ಒಬ್ಬ ಅಂದ್ಕೊಂಡಿದ್ದ” ಎಂದು ಅವನು ಪೆನ್ಸಿಲ್ ವಾಪಸು ಕೊಟ್ಟ.

ಅಕ್ಕನ ಮನೆಗೆ ಮೂರು ಮಹಡಿ ಹತ್ತಬೇಕು. ಹತ್ತುವಾಗ ಮೂರು ಉಪಾಯ ಹೊಳೆದವು, ಮಹಡಿಗೊಂದರಂತೆ ಮೂರೂ ಬಿದ್ದುಹೋದವು. ಮುಚ್ಚಿಟ್ಟರೆ ಪುಸ್ತಕ ಸುಳ್ಳಾಗುತ್ತದೆ. ತಿದ್ದಿದರೆ ಭಾನುವಾರ ಅಕ್ಕ ಏನು ನುಡಿಸಬೇಕು? ಭಾನುವಾರ ಕಳೆದ ಮೇಲೆ ಹೇಳೋಣವೆಂದರೆ ಶುಕ್ರವಾರ ನಡುವೆ ಅಡ್ಡ ಕೂತಿದೆ.

ಅಕ್ಕ ಕಿಟಕಿ ಬಳಿ ಬಿಸಿನೀರಿನ ಬೋಗುಣಿಯಲ್ಲಿ ಎಡಗೈ ಅದ್ದಿ ಕೂತಿದ್ದಳು. “ಬಾರೋ ಗೆದ್ದಲು. ಮುಖ ಯಾಕೆ ಹಾಗಿದೆ? ಯಾವ ಪುಟ ಜೀರ್ಣ ಆಗಲಿಲ್ಲ?”

ಅವನು ಹೇಳಿದ. ಸುತ್ತಿ ಬಳಸಿ ಹೇಳುವಷ್ಟು ತ್ರಾಣ ಇರಲಿಲ್ಲ.

ಅಕ್ಕ ಕೈಯನ್ನು ನೀರಿನಿಂದ ತೆಗೆಯಲಿಲ್ಲ. “ಅಂದರೆ ಇಪ್ಪತ್ತೆರಡು ವರ್ಷ ನಾನು ನುಡಿಸಿದ್ದು ಮಸಿ ಕಲೆ.”

“ಹ್ಞೂಂ.”

“ಜನ ಅತ್ತಿದ್ದು ಕಲೆಗೆ.”

“ಅಕ್ಕಾ...”

“ಆ ಮಗು ಸತ್ತಿದ್ದು?”

“ಹುಟ್ಟೇ ಇರಲಿಲ್ಲ.”

ಅವಳಿಗೆ ನಗು ಬಂತು. ಅದು ಪೂರ್ತಿ ನಗುವಾಗಲಿಲ್ಲ. ಕೈ ಒರೆಸಿಕೊಂಡು ಲ್ಯೂಟನ್ನು ಎತ್ತಿಕೊಂಡಳು. ಅದರ ಗುಂಡು ಹೊಟ್ಟೆ ಅವಳ ಮಡಿಲಲ್ಲಿ ಅಭ್ಯಾಸಬಲದಿಂದ ಕೂತಿತು. “ತೆಗೆದು ಹೇಗಿರುತ್ತೆ ನೋಡೋಣ” ಎಂದು ನುಡಿಸಿದಳು. ಮೊದಲ ಸಲ ಬೆರಳು ತಾನಾಗೇ ಆ ಜಾಗಕ್ಕೆ ಹೋಯಿತು. ಛೆ ಅಂದಳು. ಎರಡನೇ ಸಲವೂ ಹೋಯಿತು. ಮೂರನೇ ಸಲ ಬೆರಳನ್ನು ಬಿಗಿಹಿಡಿದು ದಾಟಿಸಿದಳು. ಹಾಡು ಎಲ್ಲೂ ಎಡವದೆ, ಎಲ್ಲೂ ನಿಲ್ಲದೆ, ಸಂತೆಯಿಂದ ಮನೆಗೆ ಹೊರಟವರ ಹಾಗೆ ನಡೆದು ಮುಗಿಯಿತು.

“ಸಾಧಾರಣವಾಗಿದೆ.”

“ಅವನು ಸಾಧಾರಣ ಮನುಷ್ಯನೇ ಇರಬೇಕು ಅಕ್ಕ. ಅವನು ಬರೆದಿದ್ದು ಇಷ್ಟೇ.”

“ಹಾಗಾದರೆ ಆ ಸ್ವರ ಯಾರದು?”

“ಯಾರದೂ ಅಲ್ಲ. ಕಾಗದದ್ದು.”

“ಕಾಗದಕ್ಕೇನು ಗೊತ್ತು? ಕಲೆಯನ್ನ ಸ್ವರ ಅಂತ ಕೇಳಿಸಿಕೊಂಡವನು ಯಾರು? ಅದು ಮೇಲಿನ ತಂತೀಲೇ ಇರಲಿ, ಕೆಳಗಿನ ಎರಡು ದನಿ ಅಲ್ಲಿ ಸುಮ್ಮನಿರಲಿ ಅಂತ ಬಿಟ್ಟವನು ಯಾರು? ಜನ್ಮದಲ್ಲಿ ನೀನು ಬರೆದಿದ್ದು ಅದೊಂದೇ ಸ್ವರ ಕಣೋ. ಅದನ್ನೂ ಹೊಡೆದುಹಾಕ್ತೀಯಾ?”

ಅವನಿಗೆ ಸಿಟ್ಟು ಬಂತು. ಸಿಟ್ಟು ಮಾಡಲು ಶಕ್ತಿ ಸಾಲದೆ ಕುರ್ಚಿಯಲ್ಲಿ ಕೂತ. “ಪುಸ್ತಕದಲ್ಲಿ ಹೊಡೆದುಹಾಕ್ತೀನಿ. ಬೇರೆಯವರ ಹೆಸರಲ್ಲಿ ನನ್ನದು ಇರೋದು ನನಗೆ ಆಗಲ್ಲ. ಕೆಳಗೆ ಟಿಪ್ಪಣಿ ಹಾಕ್ತೀನಿ, ತಪ್ಪು ನನ್ನದು ಅಂತ.”

ಅಕ್ಕ ತುಸು ಹೊತ್ತು ತಂತಿಗಳ ಮೇಲೆ ಬರೀ ಬೆರಳು ಓಡಿಸಿದಳು. “ಹಾಕು. ನೀನು ಹಾಕದೆ ಇದ್ದರೆ ಮುಂದೆ ಯಾರೋ ಹುಡುಕಿ ಹಾಕ್ತಾರೆ, ಆಗ ನಿನ್ನ ಮಾನ ಹೋಗುತ್ತೆ.” ಆಮೇಲೆ ಮೇಜಿನ ಕಡೆ ಗದ್ದ ತೋರಿಸಿದಳು. “ಅಲ್ಲಿ ಖಾಲಿ ಹಾಳೆ ಇದೆ. ನನಗೊಂದು ಪ್ರತಿ ಬರೆದುಕೊಡು, ಆ ಸ್ವರ ಇರೋ ಹಾಗೆ. ನಿನ್ನ ಕೈಬರಹದಲ್ಲಿ, ನಿನ್ನ ಹೆಸರು ಹಾಕಿ. ಭಾನುವಾರ ನಾನೇ ಎದ್ದು ನಿಂತು ಹೇಳ್ತೀನಿ. ಹಾಡು ಯಾರದೋ, ನಡುವಿನ ಒಂದು ಸ್ವರ ಮಾತ್ರ ನನ್ನ ತಮ್ಮನದು ಅಂತ.”

“ನಗ್ತಾರೆ ಅಕ್ಕ.”

“ನಗಲಿ. ಅಷ್ಟು ವರ್ಷ ಅತ್ತಿದ್ದಾರೆ.”

ಅವನು ಕನ್ನಡಕ ಒರೆಸಿಕೊಂಡು, ಸ್ವರ ಬರೆಯಲು ಹಾಳೆಗೆ ಗೆರೆ ಎಳೆದ. ಕಣ್ಣುಮುಚ್ಚಿಯೂ ಬರೆಯಬಲ್ಲ ಹಾಡು, ಸರಾಗವಾಗಿ ಬಂತು. ಆ ಜಾಗದಲ್ಲಿ ಪೆನ್ನು ನಿಂತಿತು. ಇಷ್ಟು ವರ್ಷ ಏನೇ ಸಂಶಯ ಬಂದರೂ ಮೂಲದಲ್ಲಿ ಹೇಗಿದೆ ಅಂತ ತಿರುಗಿ ನೋಡುತ್ತಿದ್ದ. ಇದಕ್ಕೆ ನೋಡಲು ಏನೂ ಇರಲಿಲ್ಲ. “ಎಷ್ಟು ಹೊತ್ತು ಇರಬೇಕು ಇದು?” ಎಂದ.

“ನನ್ನ ಕೇಳ್ತೀಯಲ್ಲ! ನಿನ್ನದು, ನೀನೇ ಹೇಳು.”

ಅವನು ಬರೆಯಲಿಲ್ಲ. ಸ್ವರವನ್ನು ಮನಸ್ಸಿನಲ್ಲೇ ಮೀಟಿದ, ಆರುವವರೆಗೆ ಕಾದ, ಮತ್ತೆ ಮೀಟಿದ. ಅಕ್ಕ ಲ್ಯೂಟ್ ಹಿಡಿದು, ಅವಸರ ಮಾಡದೆ ಕಾದಳು.

ಕೊನೆಗೆ, ತಲೆ ಎತ್ತದೆಯೇ ಅಂದ: “ಅರ್ಧ ಸಾಕು. ನೀನು ಮೊದಲಿಂದಲೂ ಇದನ್ನ ತುಂಬ ಎಳೀತೀಯ.”