ಸ್ವಿಚ್ಚಿನ ಮೇಲಿನ ಟೋಪಿ

“ತಲೆ ಕಡೆ ಎತ್ತಿ ಅಂದ್ರೆ ಕಾಲ ಕಡೆ ಎತ್ತಿದ್ರೆ ಹೇಗೆ? ನಿಲ್ಲಿ, ನಿಲ್ಲಿ.”

ಭಾವನ ಮಾತು ಮೆಟ್ಟಿಲ ಗೋಡೆಗಳಿಗೆ ಬಡಿದು ಇನ್ನೊಮ್ಮೆ ಕೇಳಿಸಿತು. ಶವಪೆಟ್ಟಿಗೆ ಮೂರನೆಯ ಮಹಡಿಯ ಮನೆಯಿಂದ ಹೊರಟು, ಒಂದು ಮಹಡಿ ಇಳಿಯುವುದರೊಳಗೆ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಒಂದು ಮೂಲೆ ಕಂಬಿಗೆ ತಗುಲಿತ್ತು, ಇನ್ನೊಂದು ಗೋಡೆಯ ಸುಣ್ಣ ಕೆರೆದಿತ್ತು. ಹೊತ್ತವರು ನಾಲ್ವರು: ತೀರಿಕೊಂಡ ಗಂಡನ ಅಣ್ಣನಾದ ಈ ಭಾವ, ಗಂಡನ ಸೋದರಮಾವ, ಕೆಳಗಿನ ಮನೆಯ ದರ್ಜಿ, ಗಂಡನ ಕಂಪನಿಯ ಡ್ರೈವರ್.

“ಊರವರ ಲಿಫ್ಟೆಲ್ಲ ರಿಪೇರಿ ಮಾಡಿದ,” ಸೋದರಮಾವ ಏದುಸಿರು ಬಿಟ್ಟರು. “ಲಿಫ್ಟ್ ಇರೋ ಕಡೆ ಒಂದು ಮನೆ ಹಿಡಿಯೋಕೆ ಏನಾಗಿತ್ತು ಇವನಿಗೆ?”

ದರ್ಜಿ ನಕ್ಕುಬಿಟ್ಟ. ಆಮೇಲೆ ನೆನಪಾಗಿ ಮುಖ ಸರಿಮಾಡಿಕೊಂಡ.

ಅವಳು ಮೇಲೆ, ತನ್ನ ಮನೆಯ ಬಾಗಿಲ ಮುಂದೆ, ಕಂಬಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಕುರ್ಚಿಯ ಮೇಲೆ ಅತ್ತೆ. ಮೊನ್ನೆಯಿಂದ ಅವಳಿಗೆ ಅಳು ಬಂದಿರಲಿಲ್ಲ. ನಗುವೂ ಬರಲಿಲ್ಲ. ಹಿಂದಿನ ಎಡ ಮೂಲೆಯನ್ನು ಸ್ವಲ್ಪ ಒಳಗೆ ತಂದರೆ ತಿರುಗುತ್ತದೆ ಎಂದು ಮಾತ್ರ ಅನ್ನಿಸುತ್ತಿತ್ತು.

“ಹೀಗೆ ಆಗಲ್ಲ ಸಾರ್,” ಡ್ರೈವರ್ ಅಂದ. “ಇದನ್ನ ನಿಲ್ಲಿಸಿಯೇ ಇಳಿಸಬೇಕು. ಕೆಳಗಡೆ ಎತ್ತರದವರು ಒಬ್ಬರು ಬೇಕು, ಭಾರವೆಲ್ಲ ಅವರ ಮೇಲೆ ಬರುತ್ತೆ. ನಾವು ಮೋಟರ್ ಇಳಿಸೋವಾಗ ಉದ್ದಣ್ಣ…”

ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ಉದ್ದಣ್ಣ ಬೆಳಗಿನಿಂದ ಕೆಳಗೆ, ಬೀದಿ ಬಾಗಿಲ ಬಳಿ ನಿಂತಿದ್ದ. ಬಂದವರೆಲ್ಲ ಅವನನ್ನು ದಾಟಿಕೊಂಡೇ ಮೇಲೆ ಬಂದಿದ್ದರು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

“ಅವನ ಕೈ ನನ್ನ ಮಗನಿಗೆ ಇನ್ನೊಂದು ಸಲ ತಾಗಕೂಡದು,” ಅತ್ತೆ ಅಂದರು. ಗಟ್ಟಿಯಾಗೇನೂ ಅನ್ನಲಿಲ್ಲ.

*

ಅವಳ ಗಂಡ ಮತ್ತು ಉದ್ದಣ್ಣ ಕೆಲಸಕ್ಕೆ ಯಾವಾಗಲೂ ಜೊತೆಯಾಗಿ ಹೋಗುತ್ತಿದ್ದರು. ಲಿಫ್ಟಿನ ತಳದ ಗುಂಡಿಗೆ ಇಳಿಯುವವನು ಮೊದಲು ಕಟ್ಟಡದ ತುದಿಯ ಮೋಟರ್ ಕೋಣೆಗೆ ಹತ್ತಿ, ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಹಾಕಬೇಕು. ಅದು ನಿಯಮ. ಬೀಗಗಳು ಯಾವತ್ತೋ ಕಳೆದುಹೋಗಿದ್ದವು. ಅದಕ್ಕೇ ಅವರು ಸ್ವಿಚ್ಚಿನ ಹಿಡಿಗೆ ತಮ್ಮ ಟೋಪಿ ತೂಗುಹಾಕುತ್ತಿದ್ದರು. ಟೋಪಿ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ ಎಂದರ್ಥ. ಹಾಕಿದವನೇ ಬಂದು ತೆಗೆಯಬೇಕು. ಇಷ್ಟು ವರ್ಷ ಅದರಲ್ಲಿ ಒಮ್ಮೆಯೂ ತಪ್ಪಾಗಿರಲಿಲ್ಲ.

ಮೊನ್ನೆ ಕೆಲಸ ಮುಗಿದಿತ್ತು. ಉದ್ದಣ್ಣ ಚಹಾ ಕುಡಿಯಲು ಹೋದ. ಅಷ್ಟರಲ್ಲಿ ಆ ಕಟ್ಟಡದ ನೆಲ ಒರೆಸುವ ಹೆಂಗಸಿನ ಕೈಯಿಂದ ತನ್ನ ಮನೆಯ ಬೀಗದ ಕೈ ಜಾರಿ, ಲಿಫ್ಟ್ ಬಾಗಿಲ ಸಂದಿಯಿಂದ ಗುಂಡಿಗೆ ಬಿತ್ತು. ಆ ಹೆಂಗಸು ಅಳತೊಡಗಿದಳು. ಗಂಡ ಪುನಃ ತುದಿಗೆ ಹತ್ತಿ, ಸ್ವಿಚ್ ಆರಿಸಿ, ಟೋಪಿ ಹಾಕಿ, ಎಲ್ಲವನ್ನೂ ಸರಿಯಾಗಿಯೇ ಮಾಡಿ ಕೆಳಗೆ ಇಳಿದ.

ಉದ್ದಣ್ಣ ಅವತ್ತು ಬೆಳಗಿನಿಂದ ತನ್ನ ಟೋಪಿ ಹುಡುಕುತ್ತಿದ್ದ. ಚೀಲ ತರಲು ಮೋಟರ್ ಕೋಣೆಗೆ ಹೋದಾಗ ಸ್ವಿಚ್ಚಿನ ಮೇಲೆ ಕಂಡಿತು. ಕಂಪನಿ ಕೊಟ್ಟ ಟೋಪಿ, ಎಲ್ಲರದ್ದೂ ಅದೇ ನೀಲಿ. ಬೆಳಗ್ಗೆ ತಾನೇ ಆರಿಸಿ, ತಾನೇ ಮರೆತದ್ದು ಎಂದುಕೊಂಡ. ಟೋಪಿಯನ್ನು ತಲೆಗಿಟ್ಟು ಸ್ವಿಚ್ ಹಾಕಿದ. ಲಿಫ್ಟ್ ಗುಂಡಿಯ ಕಡೆ ಇಳಿಯಿತು.

ಅವನ ಟೋಪಿ ಆಮೇಲೆ ವ್ಯಾನಿನ ಸೀಟಿನಡಿ ಸಿಕ್ಕಿತು. ಪೊಲೀಸರು ಕೇಳಿದಾಗಲೂ ಅವನು ಹೇಳಿದ್ದು ಒಂದೇ ಮಾತು: “ನನ್ನದು ಅಂದ್ಕೊಂಡೆ.”

*

“ಹಗ್ಗ ತರಿಸೋಣ,” ಸೋದರಮಾವ ಅಂದರು.

“ಹಗ್ಗ ಕಟ್ಟೋಕೆ ಅದೇನು ಬೀರುವಾನಾ?” ಭಾವ ಸಿಡುಕಿದ. ಪೆಟ್ಟಿಗೆಯನ್ನು ಮೆಟ್ಟಿಲ ಅಂಚಿಗೆ ತಾಗಿಸಿ ಎಲ್ಲರೂ ಉಸಿರು ತೆಗೆದುಕೊಂಡರು.

ಪಾದ್ರಿಗಳು ಅವಳ ಹತ್ತಿರ ಬಂದು ನಿಂತರು. ವಯಸ್ಸಾದವರು, ಮಂಡಿ ನೋವು. “ಕ್ಷಮಿಸಬೇಕಮ್ಮ ಅಂತ ನಾನು ಹೇಳೋಕೆ ಬಂದಿಲ್ಲ,” ಎಂದರು. “ಇವತ್ತಂತೂ ಹೇಳಲ್ಲ.”

ಅವಳು ತಲೆಯಾಡಿಸಿದಳು. ಅವರು ಹೇಳಿಬಿಟ್ಟಿದ್ದರೆ ಆಗಲ್ಲ ಎಂದಾದರೂ ಅನ್ನಬಹುದಿತ್ತು. ಆ ಉದ್ದದ ಮನುಷ್ಯನ ಮೇಲಿನ ಸಿಟ್ಟು ಒಂದೇ ಮೊನ್ನೆಯಿಂದ ಅವಳನ್ನು ನಿಲ್ಲಿಸಿತ್ತು. ಅದನ್ನು ಬಿಟ್ಟರೆ ಹಿಡಿದುಕೊಳ್ಳಲು ಬೇರೇನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

*

ಶಬ್ದ ಬರುತ್ತಿದೆ ಎಂದು ದೂರು ಬಂದರೆ ಗಂಡ ಲಿಫ್ಟಿನ ಚಾವಣಿಯ ಮೇಲೆಯೇ ಕೂತು, ಜನ ಓಡಾಡುತ್ತಿರುವಾಗಲೇ ಮೇಲೆ ಕೆಳಗೆ ಹೋಗುತ್ತಿದ್ದ. ಫ್ಯಾನಿನ ಪಕ್ಕದ ಸಂದಿಯಿಂದ ಒಳಗಿದ್ದವರು ಅವನಿಗೆ ಕಾಣುತ್ತಿದ್ದರು.

“ಕದ್ದು ನೋಡೋದು ತಪ್ಪಲ್ವಾ?” ಒಂದು ಸಂಜೆ ಬಟ್ಟೆ ಮಡಚುತ್ತ ಕೇಳಿದ್ದಳು.

“ತಪ್ಪೇ. ಕಣ್ಣು ಮುಚ್ಚಿದ್ರೆ ಬೀಳ್ತೀನಲ್ಲ.”

“ಅಂಥದ್ದೇನು ಕಾಣುತ್ತೆ?”

“ನೆತ್ತಿ.” ಅವನು ಅವಳ ತಲೆ ಮುಟ್ಟಿದ. “ನಂಗೆ ಕತ್ತೆ ಅಂತ ಬೈದನಲ್ಲ, ಎಂಟನೇ ಮಹಡಿ ಸಾಹೇಬ? ಒಬ್ಬನೇ ಇದ್ದಾಗ ಗೋಡೆಗೆ ಹಣೆ ಒತ್ತಿಕೊಂಡು ನಿಂತಿರ್ತಾನೆ. ಬಾಗಿಲು ತೆರೆಯೋ ಹೊತ್ತಿಗೆ ನೆಟ್ಟಗಾಗ್ತಾನೆ. ಬೋಳಾಗಿರೋ ಕಡೆಗೆ ಪಕ್ಕದ ಕೂದಲು ಎಳೆದು ಮುಚ್ಚಿದ್ದಾನೆ, ಪಾಪ. ಅದನ್ನ ನೋಡಿದ ಮೇಲೆ ಅವನ ಮೇಲೆ ಸಿಟ್ಟು ಇಟ್ಕೊಳ್ಳೋದು ಹೇಗೆ ಹೇಳು.”

“ನಾನಾದ್ರೆ ಇಟ್ಕೋತೀನಿ.”

“ನೀನು ಮೇಲೆ ಕೂತು ನೋಡಿಲ್ಲ.” ಮಡಚಿದ ಬಟ್ಟೆಯನ್ನು ಪಕ್ಕಕ್ಕಿಡುತ್ತ ಅಂದ, “ದೇವರಿಗೂ ನಾವು ಹೀಗೇ ಕಾಣ್ತೀವೇನೋ. ಯಾರೂ ನೋಡ್ತಿಲ್ಲ ಅಂದ್ಕೊಂಡಿರೋವಾಗ.”

“ನೋಡಿ ಏನ್ ಮಾಡ್ತಾನೆ?”

“ಅವನ ಸುದ್ದಿ ನಂಗೇನು ಗೊತ್ತು. ನಾನು ಉಸಿರು ಬಿಗಿಹಿಡಿದು ಕೂತಿರ್ತೀನಿ. ಐದನೇ ಮಹಡೀಲಿ ಒಬ್ಬರು ಕೋಲು ಊರಿಕೊಂಡು ಬರ್ತಾರೆ. ಬಾಗಿಲು ಇನ್ನೊಂದು ಗಳಿಗೆ ತೆರೆದಿರೋ ಹಾಗೆ ಮಾಡಿಟ್ಟು ಬಂದೆ.”

“ಅಷ್ಟೇನಾ?”

“ಅಷ್ಟೇ ಆಗೋದು.”

*

ಅವಳು ಕಂಬಿಯ ಮೇಲೆ ಬಾಗಿ ಕೆಳಗೆ ನೋಡಿದಳು.

ಮೆಟ್ಟಿಲುಗಳ ನಡುವಿನ ಖಾಲಿ ಜಾಗ ನೇರವಾಗಿ ಬೀದಿ ಬಾಗಿಲವರೆಗೆ ಇಳಿದಿತ್ತು. ಅದರ ತಳದಲ್ಲಿ ಉದ್ದಣ್ಣ ಇದ್ದ. ಗೋಡೆಗೆ ತಿರುಗಿ, ಅಂಚೆ ಡಬ್ಬಗಳಿಗೆ ಹಣೆ ಒತ್ತಿ ನಿಂತಿದ್ದ. ಕೈಯಲ್ಲಿ ನೀಲಿ ಟೋಪಿ. ಹೆಬ್ಬೆರಳು ಅದರ ಒಳಪಟ್ಟಿಯನ್ನು ಸವರುತ್ತಲೇ ಇತ್ತು. ನೆತ್ತಿಯ ಸುಳಿಯಲ್ಲಿ ಒಂದಿಷ್ಟು ಕೂದಲು, ನಿದ್ದೆಯಿಂದ ಎಬ್ಬಿಸಿದ ಮಗುವಿನದರ ಹಾಗೆ, ಎದ್ದು ನಿಂತಿತ್ತು. ಮೇಲಿನಿಂದ ನೋಡಿದರೆ ಅವನು ಉದ್ದವಿರಲಿಲ್ಲ.

ನೋಡಬಾರದಿತ್ತು ಎಂದುಕೊಂಡಳು. ಆದರೆ ನೋಡಿಯಾಗಿತ್ತು.

“ಅವರನ್ನ ಕರೀರಿ,” ಎಂದಳು.

ಭಾವ ತಲೆಯೆತ್ತಿ ನೋಡಿದ. “ಬೇಕಾದ್ರೆ ನೀನೇ ಕರೆಯಮ್ಮ. ನನ್ನ ಬಾಯಿಂದ ಬರಲ್ಲ.”

“ಕ್ಷಮಿಸಿಬಿಟ್ಟೆಯಾ ಅವನನ್ನ?” ಅತ್ತೆ ಕೇಳಿದರು. ಕೇಳಿದ್ದರಲ್ಲಿ ಕೋಪವಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಾದವರಂತೆ ಕೇಳಿದರು.

“ಇಲ್ಲ ಅತ್ತೆ. ಪೆಟ್ಟಿಗೆ ಇಳೀಬೇಕಲ್ಲ.”

ಅತ್ತೆ ಕಣ್ಣು ಮುಚ್ಚಿಕೊಂಡರು.

“ಮೇಲೆ ಬನ್ನಿ,” ಎಂದು ಅವಳು ಕೆಳಗೆ ಕೂಗಿದಳು. ಅವನು ಬೆಚ್ಚಿ ಮೊದಲು ನೆಟ್ಟಗಾದ. ಆಮೇಲೆ ಮುಖವೆತ್ತಿದ.

ಬಂದವನು ಯಾರ ಮುಖವನ್ನೂ ನೋಡಲಿಲ್ಲ. ಟೋಪಿಯನ್ನು ಅಂಗಿಯೊಳಗೆ ಸಿಕ್ಕಿಸಿ, ಪೆಟ್ಟಿಗೆಯ ಕೆಳತುದಿಗೆ ಹೆಗಲು ಕೊಟ್ಟ. ಅದು ಅವನತ್ತ ವಾಲಿತು. ಭಾರವೆಲ್ಲ ಬಂದಾಗ ಅವನ ಕುತ್ತಿಗೆಯ ನರ ಉಬ್ಬಿತು, ಕೆನ್ನೆ ಮರಕ್ಕೆ ಒತ್ತಿಕೊಂಡಿತು.

“ಬಿಡಿ, ನಾನಿದ್ದೀನಿ ಕೆಳಗೆ,” ಅಂದ. “ನಿಧಾನ. ಇನ್ನೊಂದು ಮೆಟ್ಟಿಲು. ನಿಧಾನ ಕಣೋ.”

ಕೊನೆಯ ಮಾತು ಹೊತ್ತವರಿಗೆ ಹೇಳಿದ್ದಲ್ಲ. ಪೆಟ್ಟಿಗೆ ತಿರುಗಿತು.

*

ಸ್ಮಶಾನದಲ್ಲಿ ಪ್ರಾರ್ಥನೆ ಬೇಗ ಮುಗಿಯಿತು. ಬಂದವರು ಒಬ್ಬೊಬ್ಬರಾಗಿ ಒಂದು ಹಿಡಿ ಮಣ್ಣು ಹಾಕಿ, ಕೈ ಒರೆಸಿಕೊಂಡು ಗೇಟಿನ ಕಡೆ ಹೊರಟರು. ಭಾವ ಅತ್ತೆಯ ತೋಳು ಹಿಡಿದು ಕರೆದೊಯ್ದ. “ಬಾಮ್ಮ,” ಎಂದು ಅವಳನ್ನೂ ಕರೆದ. ಅವಳು ಹೋಗಲಿಲ್ಲ.

ಉದ್ದಣ್ಣ ದೂರದಿಂದ ಹತ್ತಿರ ಬಂದ. ಅಂಗಿಯೊಳಗಿಂದ ಟೋಪಿ ತೆಗೆದ.

“ಅತ್ತಿಗೆ, ಇದು ಅವನದ್ದು.”

ಅವಳು ತೆಗೆದುಕೊಂಡಳು. ಒಳಪಟ್ಟಿಯಲ್ಲಿ ಬೆವರಿನ ಬಿಳಿ ಗೆರೆ ಇತ್ತು. ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗುಂಡಿಯ ತಲೆಯ ಕಡೆ ಆಗಲೇ ನೆಟ್ಟಿದ್ದ ಮರದ ಶಿಲುಬೆಯ ಒಂದು ತೋಳಿಗೆ ಅದನ್ನು ತೂಗುಹಾಕಿದಳು.

ಗುಂಡಿ ತೋಡಿದವನು ಸಲಿಕೆ ಹಿಡಿದು ಕಾಯುತ್ತಿದ್ದ. “ಇದಕ್ಕೆ ಮಣ್ಣು ಹಾರುತ್ತಮ್ಮ, ತೆಗೆದಿಡ್ಲಾ?” ಎಂದು ಕೈ ಚಾಚಿದ.

ಉದ್ದಣ್ಣ ಅವನ ಮಣಿಕಟ್ಟು ಹಿಡಿದುಕೊಂಡ.

“ತೆಗೀಬೇಡಿ,” ಅಂದ. “ಒಳಗೆ ಮನುಷ್ಯ ಇದ್ದಾನೆ.”

ಸಲಿಕೆಯವನು ಅವಳ ಮುಖ ನೋಡಿದ. ಅವಳು ತೆಗೆಯಿರಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನು ಕೈ ಬಿಡಿಸಿಕೊಂಡು ಮಣ್ಣು ತಳ್ಳತೊಡಗಿದ. ಅದು ಮೊದಲು ಮರದ ಮೇಲೆ ಬಿದ್ದ ಸದ್ದಾಯಿತು, ಆಮೇಲೆ ಮಣ್ಣಿನ ಮೇಲೆ. ಶಿಲುಬೆಯ ಪಕ್ಕದಲ್ಲಿ ಉದ್ದಣ್ಣ ಬರಿತಲೆಯಲ್ಲಿ ನಿಂತಿದ್ದ, ಯಾರೂ ಮುಟ್ಟದಂತೆ ಟೋಪಿಗೆ ಅಂಗೈ ಅಡ್ಡ ಹಿಡಿದು.