ನಡುಹಗಲಿಗೆ ಕಟ್ಟಿದ ಎಂಬಿಲಾ

ಮೂರನೆಯ ಸಲವೂ ಹಾಗೆಯೇ ಆಯಿತು. ಮೇಳದ ಮುದಿ ಮುಖ್ಯಸ್ಥ ಜುಸ್ತಿನೊ ಗೇರುಮರದ ನೆರಳಲ್ಲಿ ನಿಂತು ದೊಡ್ಡ ಎಂಬಿಲಾ ವಾದ್ಯದ ನಾಲ್ಕು ಮರದ ಹಲಗೆಗಳನ್ನೂ ಕೋಲಿನಿಂದ ಒಂದೊಂದಾಗಿ ಬಡಿದ. ಮರ ಟಕ್ಕೆಂದಿತು, ಅಷ್ಟೆ. ಹಲಗೆಗಳ ಕೆಳಗೆ ತೂಗುಬಿದ್ದಿದ್ದ ಒಣಕಾಯಿಯ ಬುರುಡೆಗಳು ತುಟಿ ಬಿಚ್ಚಲಿಲ್ಲ.

"ನಿನ್ನ ಎಂಬಿಲಾಗೆ ಊಟ ಆದ್ಮೇಲೆ ಮಲ್ಕೊಳ್ಳೋ ಚಾಳಿ ಇದೆ ಕಣಮ್ಮ ದೆಲ್ಫಿನಾ" ಎಂದ.

ಸುತ್ತಲಿನ ಗಂಡಸರು ನಕ್ಕರು. ದೆಲ್ಫಿನಾ ನಗಲಿಲ್ಲ. ಅದೇ ವಾದ್ಯ ಬೆಳಗಿನ ಜಾವದಲ್ಲಿ ಗುಡುಗಿತ್ತು; ಅತ್ತೆ ರೊಜಾಲಿನಾ ಚಾಪೆಯಿಂದ ಬೆಚ್ಚಿ ಎದ್ದು ಬೈದಿದ್ದಳು. ಆದರೆ ಅತ್ತೆಯ ಸಾಕ್ಷಿಗೆ ಮೇಳದಲ್ಲಿ ಬೆಲೆಯೇನು? ಊರೂರಿನ ಮೇಳಗಳು ಸೇರುವ ಕೂಟಕ್ಕೆ ಉಳಿದಿದ್ದು ನಾಲ್ಕು ದಿನ. ಅಷ್ಟರಲ್ಲಿ ಇದು ದನಿ ಬಿಡದಿದ್ದರೆ ಹಿನ್ನೀರಿನಾಚೆಯ ಊರಿಂದ ಬೇರೊಂದನ್ನು ತರಿಸುವುದಾಗಿ ಜುಸ್ತಿನೊ ಹೇಳಿಹೋದ. ತಂದೆ ತೀರಿಕೊಂಡ ಮೇಲೆ ದೆಲ್ಫಿನಾ ಒಬ್ಬಳೇ ಕಟ್ಟಿದ ಮೊದಲ ವಾದ್ಯ ಇದು. ತಿರಸ್ಕಾರವಾದರೆ ಎರಡನೆಯದನ್ನು ಯಾರೂ ಕೇಳುವುದಿಲ್ಲ. ಅಪ್ಪನ ಬಾಚಿ, ಉಳಿ ಎಲ್ಲ ಚಿಕ್ಕಪ್ಪನ ಮನೆ ಸೇರುತ್ತವೆ. ಚಿಕ್ಕಪ್ಪ ಆಗಲೇ ಎರಡು ಸಲ ಬಂದು ನೋಡಿಕೊಂಡು ಹೋಗಿದ್ದ.

ಎಂಬಿಲಾಗೆ ಶ್ರುತಿ ಕೂಡಿಸುವುದು ಸೂರ್ಯ ಹುಟ್ಟುವ ಮೊದಲು. ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೆಯೇ. ಬಿಸಿಲೇರಿದ ಮೇಲೆ ಮರ ಸುಳ್ಳು ಹೇಳುತ್ತದೆ ಎಂಬುದು ಅವರ ಮಾತು. ಆ ಮಾತನ್ನು ದೆಲ್ಫಿನಾ ಒಂದು ದಿನವೂ ಮೀರಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವಳು ಹಟ ಹಿಡಿದು ಅಂಗಳದಲ್ಲಿ ಕೂತಳು. ಊರಿನ ಶ್ರುತಿಯನ್ನು ಅಪ್ಪ ಒಂದು ಹಳೆಯ ಗುದ್ದಲಿಯ ಅಲಗಿನಲ್ಲಿ ಉಳಿಸಿ ಹೋಗಿದ್ದ. ಅದನ್ನು ತೂಗುಹಾಕಿ ಬಡಿದಳು, ಮೊದಲ ಹಲಗೆಯನ್ನೂ ಬಡಿದಳು. ಎರಡೂ ಒಂದೇ. ಹಾಗಾದರೆ ಮರ ಸುಳ್ಳು ಹೇಳುತ್ತಿರಲಿಲ್ಲ. ಆ ಹಲಗೆಯ ಬುರುಡೆಯನ್ನು ಬಿಚ್ಚಿ ಅದರ ಬಾಯಿಗೆ ಬಾಯಿಟ್ಟು ಗುನುಗಿದಳು. ಅಲಗಿನ ಶ್ರುತಿಗೆ ಅದು ಮರುದನಿ ಕೊಡಲಿಲ್ಲ. ದನಿಯನ್ನು ಕೂದಲೆಳೆಯಷ್ಟು ಏರಿಸಿದಾಗ ಒಳಗಿನಿಂದ ಗುಂಯ್ ಎಂದು ಓಗೊಟ್ಟಿತು.

ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದ ಅತ್ತೆ ಒನಕೆ ನಿಲ್ಲಿಸಿ, ಬುರುಡೆಗೆ ಹಾಡಿ ಮಲಗಿಸೋ ಬದಲು ಮಕ್ಕಳಿಗೆ ಅನ್ನ ಹಾಕು ಎಂದಳು.

ದೆಲ್ಫಿನಾ ಅನ್ನ ಹಾಕಿ ಬಂದಳು. ಮನಸ್ಸು ಬುರುಡೆಯಲ್ಲೇ ಇತ್ತು. ಹಲಗೆ ನಡುಗಿ ಗಾಳಿಯನ್ನು ತಳ್ಳುತ್ತದೆ. ಬುರುಡೆಯೊಳಗಿನ ಗಾಳಿಯೂ ಅದೇ ಲೆಕ್ಕದಲ್ಲಿ ನಡುಗಿದರೆ ದನಿ ಹಿಗ್ಗುತ್ತದೆ, ಉಯ್ಯಾಲೆ ಹಿಂದಕ್ಕೆ ಬಂದ ಹೊತ್ತಿಗೇ ಕೈ ಕೊಟ್ಟ ಹಾಗೆ. ಲೆಕ್ಕ ತಪ್ಪಿದರೆ ಕೈಯೂ ದಂಡ, ಉಯ್ಯಾಲೆಯೂ ದಂಡ. ಮರ ಬದಲಾಗಿಲ್ಲ, ಬುರುಡೆ ಬದಲಾಗಿಲ್ಲ. ಬೆಳಗಿನಿಂದ ಬದಲಾದದ್ದು ಒಳಗಿನ ಗಾಳಿಯ ಬಿಸಿ ಒಂದೇ. ಬಿಸಿಯಾದ ಗಾಳಿಯಲ್ಲಿ ಸದ್ದು ಬೇಗ ಓಡಿ ಬುರುಡೆಯ ದನಿ ಏರುತ್ತದೆಯೇ?

ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಒಂದು ಗಡಿಗೆ ನೀರು ಹೊತ್ತು ತರುವಷ್ಟು ಹೊತ್ತು ಬಿಟ್ಟಳು. ಮತ್ತೆ ಹಲಗೆಯ ಕೆಳಗೆ ಹಿಡಿದು ಬಡಿದಾಗ, ಉರಿಬಿಸಿಲಲ್ಲಿ, ಅದು ಗುಡುಗಿತು.

ಅತ್ತೆಯ ಕೈಯಿಂದ ಒನಕೆ ಬಿತ್ತು.

ಅಪ್ಪನದು ತಪ್ಪಲ್ಲ ಎಂದು ಆಗ ಹೊಳೆಯಿತು. ಅಪ್ಪನ ಕಾಲದಲ್ಲಿ ಕೂಟ ನಡೆಯುತ್ತಿದ್ದದ್ದೇ ಬೆಳ್ಳಂಬೆಳಗ್ಗೆ. ಈಗ ಅಧಿಕಾರಿಗಳು ರಾಜಧಾನಿಯಿಂದ ಬಂದು, ಭಾಷಣ ಮುಗಿಸಿ ಕೂರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಚಿಕ್ಕ ಎಂಬಿಲಾಗಳು ಅಷ್ಟಿಷ್ಟು ಸೊರಗಿಯೂ ಹೇಗೋ ದನಿ ಕೊಡುತ್ತವೆ. ದೊಡ್ಡದಕ್ಕೆ ಆ ಸೈರಣೆ ಇಲ್ಲ.

ಉಳಿದ ಎರಡು ಮಧ್ಯಾಹ್ನವೂ ಅವಳು ಬಿಸಿಲಲ್ಲೇ ಶ್ರುತಿ ಕೂಡಿಸಿದಳು. ಒಂದೊಂದು ಬುರುಡೆಯ ಬಾಯಿಗೂ ಜೇನುಮೇಣದ ಬಳೆ ಕಟ್ಟಿ ಕಿರಿದುಮಾಡಿದಷ್ಟೂ ಅದರ ದನಿ ಇಳಿಯುತ್ತಿತ್ತು. ಅದರ ಹಲಗೆಯ ಶ್ರುತಿಗೆ ಬಂದು ನಿಂತಾಗ ಬೆರಳು ತೆಗೆದಳು. ಹೊತ್ತಲ್ಲದ ಹೊತ್ತಲ್ಲಿ ಎಂಬಿಲಾ ಮುಟ್ಟುತ್ತಿದ್ದಾಳೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ಚಿಕ್ಕಪ್ಪ ಮೂರನೆಯ ಸಲ ಬಂದುಹೋದ.

ಕೂಟದ ದಿನ ಹೊತ್ತು ಮೂಡುವ ಮೊದಲೇ ಜುಸ್ತಿನೊ ಬಂದು ಕೋಲೆತ್ತಿದ. ಈಗ ಬೇಡ ಎಂದು ಅವಳು ತಡೆದರೂ ಬಡಿದೇಬಿಟ್ಟ. ಟಕ್. ನಾಲ್ಕೂ ಮೂಕ.

"ಬೆಳಿಗ್ಗೆಯಾದ್ರೂ ಮಾತಾಡುತ್ತೆ ಅಂತಿದ್ದೆಯಲ್ಲೇ, ಅದನ್ನೂ ಕಳೆದ್ಯಾ?" ಎಂದ. ದನಿಯಲ್ಲಿ ಈ ಸಲ ಗೇಲಿ ಇರಲಿಲ್ಲ, ಕನಿಕರವಿತ್ತು. ಅವಳಿಗೆ ಅದೇ ಹೆಚ್ಚು ಚುಚ್ಚಿತು.

"ಅಜ್ಜ, ನೀವು ಬಾರಿಸೋದು ಈಗಲ್ಲವಲ್ಲ. ಸೂರ್ಯ ನೆತ್ತಿಗೆ ಬರಲಿ. ಆಗ್ಲೂ ಇದು ಸುಮ್ನಿದ್ರೆ ಅಪ್ಪನ ಬಾಚಿ ನಾನೇ ಚಿಕ್ಕಪ್ಪನ ಮನೆಗೆ ಹೊತ್ಕೊಂಡು ಹೋಗ್ತೀನಿ."

ಆಚೆ ಊರಿಗೆ ಆಳು ಕಳಿಸಲು ಹೊತ್ತು ಮೀರಿತ್ತು. ಜುಸ್ತಿನೊ ಉಗುಳಿ, "ಎತ್ತಿ ಗಾಡಿಗೆ ಹಾಕ್ರೋ" ಎಂದ.

ಭಾಷಣಗಳು ಮುಗಿಯುವಷ್ಟರಲ್ಲಿ ಮರಳು ಕಾದು ಕಾಲಿಡಲಾಗುತ್ತಿರಲಿಲ್ಲ. ಮೊದಲು ಬಾರಿಸಿದ ಎರಡು ಮೇಳಗಳ ದೊಡ್ಡ ಎಂಬಿಲಾಗಳು ಒಣಮರದಂತೆ ಟಕಟಕ ಎಂದವು. ಜನ ಮಾತಿಗೆ ತೊಡಗಿದರು. ಆಮೇಲೆ ಜುಸ್ತಿನೊ ಮೊದಲ ಪೆಟ್ಟು ಹಾಕಿದ.

ಆ ದನಿ ಕಿವಿಗಿಂತ ಮೊದಲು ಅಂಗಾಲಿಗೆ ತಾಗಿತು. ಬುರುಡೆಗಳ ಪಕ್ಕಕ್ಕೆ ಅಂಟಿಸಿದ ಪೊರೆಗಳು ಜೇನುಗೂಡಿನಂತೆ ಝೇಂಕರಿಸಿದವು. ಬೆಂಚಿನ ಮೇಲಿದ್ದ ಅಧಿಕಾರಿ ಹಿಡಿದಿದ್ದ ಲೋಟದ ನೀರಿನಲ್ಲಿ ಬಳೆಬಳೆಯಾಗಿ ಅಲೆ ಎದ್ದಿತು. ಜುಸ್ತಿನೊ ಒಂದು ಗಳಿಗೆ ತನ್ನ ಕೋಲನ್ನೇ ನೋಡಿಕೊಂಡ, ಮರುಗಳಿಗೆ ಮೈಯೆಲ್ಲ ಕೈಯಾಗಿ ಬಡಿಯತೊಡಗಿದ. ಮೇಳದ ಕುಣಿತದವರು ಕೈಯ ಗುರಾಣಿಗಳನ್ನು ನೆಲಕ್ಕೆ ಅಪ್ಪಳಿಸಿದರು. ಹೆಂಗಸರ ಹರ್ಷದ ಉಲಿ ಹಿನ್ನೀರಿನಾಚೆಗೂ ಹೋಯಿತು. ಎಲ್ಲರಿಗಿಂತ ಎತ್ತರದ ಉಲಿ ರೊಜಾಲಿನಾಳದು.

ಮುಗಿದ ಮೇಲೆ ಆಚೆ ಊರಿನ ಹಿರಿಯ ಎಂಬಿಲಾ ಕುಶಲಕರ್ಮಿ ಬಂದು, ಮೊಣಕಾಲೂರಿ, ಬುರುಡೆಯ ಬಾಯಿಯ ಮೇಣದ ಬಳೆಯನ್ನು ಬೆರಳಲ್ಲಿ ಸವರಿ ನೋಡಿದ. ಇದನ್ನು ಯಾವ ಹೊತ್ತಲ್ಲಿ ಕೂಡಿಸಿದೆ ಎಂದು ಕೇಳಿದ. ಅವಳು ಹೇಳಿದಳು. ಅವನು ಉಳಿದ ಬುರುಡೆಗಳ ಬಳೆಗಳನ್ನೂ ಒಂದೊಂದಾಗಿ ಸವರಿ ನೋಡಿದ.

ಜುಸ್ತಿನೊ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದ. "ನಾಳೆ ಮೇಳದ ಅಷ್ಟೂ ಎಂಬಿಲಾ ನಿನ್ನ ಅಂಗಳಕ್ಕೆ ಬರುತ್ವೆ ಮಗಳೆ" ಎಂದ. "ಎಷ್ಟು ಹೊತ್ತಿಗೆ ತರ್ಲಿ, ನೀನೇ ಹೇಳು."